ಬಿಸಿಲು ಸುತ್ತಿಟ್ಟವರು

ಹತ್ತಿಯ ರಾಶಿಯೊಳಗೆ ಬಲಗೈಯನ್ನು ಭುಜದವರೆಗೆ ತೂರಿಸಿ, ಕಣ್ಣು ಮುಚ್ಚಿ, ದೂರದಲ್ಲಿ ಯಾರೋ ಕರೆಯುತ್ತಿದ್ದಾರೇನೋ ಎಂಬಂತೆ ತಲೆ ವಾಲಿಸಿ ಅವರು ನಿಂತಿರುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಈ ಚಿತ್ರವೇ. ತಲೆಯ ಮೇಲೆ ಬಿಳಿ ಟೋಪಿ, ಮೈಮೇಲೆ ಕರಿ ಕೋಟು, ಕೈ ಹೊರತೆಗೆದ ಕೋಟಿನ ಬಲತೋಳು ಮಾತ್ರ ಖಾಲಿಯಾಗಿ ಬೆನ್ನ ಹಿಂದೆ ತೂಗುತ್ತಿತ್ತು. ಇಬ್ಬನಿ ಕುಡಿದ ಹತ್ತಿ ರಾಶಿಗೆ ಸೇರಿದರೆ ಒಳಗೊಳಗೇ ಕಾಯತೊಡಗುತ್ತದೆ, ಕಾದರೆ ಕೆಡುತ್ತದೆ. ಅದಕ್ಕಾಗಿ ದಿನಕ್ಕೊಮ್ಮೆ ರಾಶಿಯ ಹೊಟ್ಟೆಗೆ ಕೈಯಿಟ್ಟು ನೋಡುವುದು ಅವರ ಪದ್ಧತಿ.

"ಏನಂತೈತ್ರಿ ಹತ್ತಿ?" ಎಂದು ನಾನು ಮೆಟ್ಟಿಲ ಮೇಲಿನಿಂದ ಕೇಳುತ್ತಿದ್ದೆ.

"ಮಲಗೇತ್ರಿ ಸರ. ಸಾವಕಾಶ ಇಳೀರಿ" ಎಂದು ಅವರು ಕಣ್ಣು ತೆರೆಯದೆಯೇ ಹೇಳುತ್ತಿದ್ದರು.

ರೋಣದ ಪೇಟೆಯಲ್ಲಿ ಎಲ್ಲರೂ ಅವರನ್ನು ಸಾವಕಾರ್ರು ಎಂದೇ ಕರೆಯುತ್ತಿದ್ದರು, ನಾನೂ. ಹತ್ತಿ ಮತ್ತು ಕಾಳಿನ ವ್ಯಾಪಾರ ಅವರಿಗೆ ಅಜ್ಜನಿಂದ ಬಂದದ್ದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ರೋಣದ ಕಾಲೇಜಿಗೆ ಉಪನ್ಯಾಸಕನಾಗಿ ಬಂದ ಹೊಸದರಲ್ಲಿ ನಾನು ಅವರ ಮನೆಯ ಮಾಳಿಗೆಯ ಮೇಲಿನ ಒಂಟಿ ಖೋಲಿಯಲ್ಲಿ ಬಾಡಿಗೆಗಿದ್ದೆ. ಈಗ ನರಗುಂದದಲ್ಲಿ ಕಲಿಸುತ್ತೇನೆ. ಕಳೆದ ತಿಂಗಳು ಅಲ್ಲಿಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. "ಸರ, ನಿಮ್ಮ ಸಾವಕಾರ್ರು ಹೋದ್ರಂತಲ್ರಿ. ಹಾಸಿಗಿ ಹಿಡೀಲಿಲ್ಲ, ನರಳಲಿಲ್ಲ. ಚಲೋ ಹೋದ್ರು" ಎಂದ. ಅವನು ಇನ್ನೇನೋ ಹೇಳುತ್ತಲೇ ಇದ್ದ. ನನಗೆ ಆ ಗದ್ದಲದ ನಡುವೆ ಹತ್ತಿಬೀಜದ ವಾಸನೆ ಬಂದ ಹಾಗಾಯಿತು. ನಿಲ್ದಾಣದಲ್ಲಿ ಹತ್ತಿ ಇರಲಿಲ್ಲ. ಹಾಗಾಗಿ ಆ ವಾಸನೆಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ಒಂದು ಪ್ರಯೋಗವನ್ನು ಎರಡನೆಯ ಸಲ ಮಾಡಿದಾಗಲೂ ಅದೇ ಉತ್ತರ ಬಂದರೆ ಮಾತ್ರ ನಂಬಿರಿ ಎಂದು ಹುಡುಗರಿಗೆ ಹೇಳುತ್ತ ಬಂದವನು ನಾನು. ನೆನಪಿನ ತೊಂದರೆ ಏನೆಂದರೆ, ಎರಡನೆಯ ಸಲ ಅದು ಸ್ವಲ್ಪ ಬೇರೆಯಾಗಿಯೇ ಬರುತ್ತದೆ. ಮೂರನೆಯ ಸಲ ಇನ್ನಷ್ಟು ಚೆಲುವಾಗಿ ಬರುತ್ತದೆ. ಸಾವಕಾರ್ರ ವಿಷಯದಲ್ಲಂತೂ ಅದು ಈಗಾಗಲೇ ತೀರ ಚೆಲುವಾಗಿಬಿಟ್ಟಿದೆ. ರೋಣದ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಾಗ, ಆ ಮನೆಗೆ ಹೋಗಿ ಕೂತು, ಬಲ್ಲವರ ಎದುರಿಗೆ ಎಲ್ಲವನ್ನೂ ಒಮ್ಮೆ ಒರೆಗೆ ಹಚ್ಚಬೇಕು ಎಂದುಕೊಂಡೆ.

ಅವರಿಗೆ ಬೆಂಕಿಯ ಭಯ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಆ ಮನೆಯ ಪಡಸಾಲೆಯಲ್ಲಿ ತೊಲೆ ಮುಟ್ಟುವಂತೆ ಹತ್ತಿ ಏರುತ್ತಿತ್ತು. ಮೊದಲ ಗಂಟು ಹೊಸ್ತಿಲು ದಾಟಿದ ದಿನದಿಂದ ಕೊನೆಯ ಗಾಡಿ ಹೊರಬೀಳುವವರೆಗೆ ಒಳಗೆ ಕಿಡಿ ಬರುವ ಹಾಗಿರಲಿಲ್ಲ. ಅಡಿಗೆ ಹಿತ್ತಲಿನ ತಗಡಿನ ಚಪ್ಪರಕ್ಕೆ ಹೋಗುತ್ತಿತ್ತು. ಅದರ ಹಿಂದೆಯೇ ದೇವರೂ ಹೋಗುತ್ತಿದ್ದ, ದೀಪ, ಊದಿನಕಡ್ಡಿ, ಕರ್ಪೂರಗಳ ಸಮೇತ. "ನಮ್ಮ ದೇವರು ಸದ್ಯೇಕ ಹಿತ್ತಲದಾಗ ಅದಾನ್ರಿ. ಹತ್ತಿ ಮುಗದ ಮ್ಯಾಲ ಒಳಗ ಬರ್ತಾನ" ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು. ಆಕೆಯನ್ನು ಓಣಿಯೆಲ್ಲ ಅವ್ವಾರು ಎನ್ನುತ್ತಿತ್ತು. ಗಂಡನ ಕಾಯಿದೆಗಳನ್ನು ಪಾಲಿಸುತ್ತಲೇ ಗಂಡನನ್ನು ಅಣಕಿಸುವ ಕಲೆ ಆಕೆಗೆ ಸಿದ್ಧಿಸಿತ್ತು. ಮಾತುಮಾತಿಗೆ ಸಿಡುಕುವ ಅವರನ್ನು ಓಣಿಯ ಮುಂದೆ ಕೆಂಡವೆಂದೇ ಕರೆಯುತ್ತಿದ್ದರು.

ಬಾಗಿಲ ಹೊರಗಿನ ಗೋಡೆಯಲ್ಲಿ ಒಂದು ಗೂಡಿತ್ತು. ಬಂದ ರೈತರು ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಅದರಲ್ಲಿಟ್ಟು ಒಳಗೆ ಬರಬೇಕು. ಒಮ್ಮೆ ಶಿರೋಳದ ರೈತನೊಬ್ಬನನ್ನು ಅವರು ಹೊಸ್ತಿಲಲ್ಲೇ ನಿಲ್ಲಿಸಿ ಕೈ ಮೂಸಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

"ನಿಮ್ಮ ಮನಿಗೆ ಬರೂದಂದ್ರ ದವಾಖಾನಿಗೆ ಬಂದಂಗ ಆಗೇತಿ ನೋಡ್ರಿ ಸಾವಕಾರ್ರ" ಎಂದ ಆತ.

"ದವಾಖಾನ್ಯಾಗ ತಪ್ಪಿದ್ರ ಒಬ್ಬವ ಹೋಗ್ತಾನಪಾ. ಇಲ್ಲಿ ತಪ್ಪಿದ್ರ ಓಣೀನ ಹೋಗತೈತಿ" ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು: "ಹತ್ತಿಗೆ ಹತ್ತಿದ ಬೆಂಕಿ ಕಾಣೂದಿಲ್ರಿ ಸರ. ಮ್ಯಾಲ ಬೆಳ್ಳಗ ಇರತೈತಿ. ಒಳಗ ನಡಕೋತ ಹೊಂಟಿರತೈತಿ."

ಅವರ ತಂದೆಯ ಕಾಲದಲ್ಲಿ ಒಂದು ಕೋಣೆ ಹತ್ತಿ ಹೀಗೆ ಮೂರು ದಿನ ಒಳಗೊಳಗೇ ಉರಿದಿತ್ತು ಎಂದು ಯಾರೋ ಹೇಳಿದ್ದರು. ಅವರೇ ಹೇಳಿದರೋ, ಎದುರಿನ ದರ್ಜಿ ಹೇಳಿದನೋ ತಿಳಿಯದು. ದರ್ಜಿ ಹೇಳಿದ್ದಾದರೆ ಮೂರು ದಿನವನ್ನು ಒಂದು ದಿನವೆಂದು ಓದಿಕೊಳ್ಳಬೇಕು.

ಬೆಂಕಿ ಇಲ್ಲದ ಆ ಮನೆಯಲ್ಲಿ ಚಳಿಗಾಲ ಕಳೆಯಲು ಅವರು ತಮ್ಮದೇ ಉಪಾಯಗಳನ್ನು ಹೂಡಿದ್ದರು. ಬನಿಯನ್ನಿಗೂ ಅಂಗಿಗೂ ನಡುವೆ ಹಳೆಯ ಪೇಪರು ಹಾಕಿಕೊಳ್ಳುತ್ತಿದ್ದರು. ನಡೆದಾಡಿದರೆ ಮೈ ಸರಸರ ಸದ್ದು ಮಾಡುತ್ತಿತ್ತು. "ಸಾವಕಾರ್ರು ಬಂದ್ರು, ಇವತ್ತಿನ ಸುದ್ದಿ ಕೇಳ್ರಿ" ಎಂದು ಅವ್ವಾರು ಅಣಕಿಸುತ್ತಿದ್ದರು. ಉತ್ತರದ ಕಿಟಕಿಗಳಿಗೆ ಗೋಣಿಚೀಲದ ಪರದೆ. ಹಾಸಿಗೆಯ ಕೆಳಗೆ ಜೋಳದ ರವದಿ, ಅಂದರೆ ಒಣ ಗರಿ. ಎಲ್ಲಕ್ಕಿಂತ ದೊಡ್ಡ ಉಪಾಯ ನನ್ನ ಖೋಲಿಯ ಮುಂದೆಯೇ, ಮಾಳಿಗೆಯ ಮೇಲೆ, ದಿನವೂ ನಡೆಯುತ್ತಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ತಾವೇ ಹೊತ್ತು ತಂದು ಬಿಸಿಲಿಗೆ ಹರವುತ್ತಿದ್ದರು. ಆಳುಗಳಿದ್ದರೂ ಈ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. ಬಿಸಿಲು ಪಡುವಣಕ್ಕೆ ಜಾರುವ ಮೊದಲು, ಅದಿನ್ನೂ ಹಾಸಿಗೆಯ ಮೇಲೆ ಕೂತಿರುವಾಗಲೇ, ಬಂದು ಸುತ್ತತೊಡಗುತ್ತಿದ್ದರು. ಮೊಣಕಾಲೂರಿ ಒತ್ತಿ, ಗಾಳಿ ಹೊಗದಂತೆ ಬಿಗಿದು, ಹಗ್ಗ ಕಟ್ಟಿ, ಎರಡೂ ತುದಿಗೆ ಗೋಣಿ ತುರುಕಿ, ಹಸುಗೂಸನ್ನು ಎತ್ತಿದಂತೆ ಎರಡು ಕೈಯಿಂದ ಎತ್ತಿಕೊಂಡು ಕೆಳಗಿಳಿಯುತ್ತಿದ್ದರು. ಆ ಹೊತ್ತಿನ ಬೆಳಕು ಹೊಂಬಣ್ಣದ್ದು. ಊರಿನ ಮಾಳಿಗೆಗಳೆಲ್ಲ ಒಂದೇ ಮಟ್ಟಕ್ಕೆ ಮಲಗಿ, ದೂರದ ಎರೆಹೊಲಗಳ ತನಕ ನಡೆದುಹೋಗಬಹುದೇನೋ ಎನ್ನಿಸುತ್ತಿತ್ತು.

"ಏನ್ ಮಾಡಾಕತ್ತೀರಿ ಸಾವಕಾರ್ರ?" ಎಂದು ಮೊದಲ ಸಲ ಕೇಳಿದ್ದೆ.

"ಬಿಸಲ ಸುತ್ತಿ ಇಡಾಕತ್ತೇನ್ರಿ. ಸಂಜಿಗೆ ಬಿಚ್ಚತೀವಿ."

ಓದಿದವನ ಚಪಲ, ನಾನು ಸುಮ್ಮನಿರಲಿಲ್ಲ. ಶಾಖ ಹಾಗೆಲ್ಲ ಕಾಯುತ್ತ ಕೂರುವುದಿಲ್ಲ, ಬಿಸಿಯಿಂದ ತಂಪಿನ ಕಡೆಗೆ ಹರಿದುಹೋಗುತ್ತದೆ ಎಂದು ವಿವರಿಸಿದೆ. ಅವರು ಸರಿ ಸರಿ ಎಂದು ತಲೆಯಾಡಿಸಿ ಹಗ್ಗವನ್ನು ಇನ್ನಷ್ಟು ಬಿಗಿದರು. ಮರುದಿನ ನಾನು ಕಾಲೇಜಿನ ಪ್ರಯೋಗಾಲಯದಿಂದ ಒಂದು ಥರ್ಮಾಮೀಟರ್ ತಂದು ಹಾಸಿಗೆಯ ಸುರುಳಿಯ ನಡುವೆ ಸೇರಿಸಿದೆ. ರಾತ್ರಿಯ ಊಟಕ್ಕೆ ಕೂರುವ ಮೊದಲು ತೆಗೆದು ಅವರ ಕಣ್ಣಿಗೆ ಹಿಡಿದೆ.

"ನೋಡ್ರಿ, ಹೊರಗ ಎಷ್ಟೈತೋ ಒಳಗೂ ಅಷ್ಟ ಐತಿ. ಬಿಸಲ ಖಲಾಸ್."

ಅವರು ಬಹಳ ಹೊತ್ತು ಪಾದರಸ ನೋಡಿದರು. "ಖರೇ ಐತ್ರಿ ಸರ. ಆದ್ರ ಇದನ್ನ ಹಾಸಿಗಿಗೆ ಹೇಳಾಕ ಹೋಗಬ್ಯಾಡ್ರಿ" ಎಂದರು.

ಮಾರನೆಯ ದಿನ ನೋಡಿದರೆ ನನ್ನ ಖೋಲಿಯ ಹಾಸಿಗೆಯೂ ಬಿಸಿಲಿಗೆ ಬಂದಿತ್ತು, ಸುತ್ತಿಸಿಕೊಂಡು ಒಳಗೆ ಹೋಗಿತ್ತು. ಅಂದು ನನಗೆ ಒಳ್ಳೆಯ ನಿದ್ದೆ ಬಂತು. ಆದರೆ ಅಂದು ಚಳಿಯೂ ಕಡಿಮೆ ಇತ್ತು ಎಂದು ನೆನಪು. ಎರಡು ಸಂಗತಿಗಳು ಒಟ್ಟಿಗೆ ಬದಲಾದರೆ ಪ್ರಯೋಗ ಕೆಟ್ಟಂತೆ.

ಆ ವರ್ಷವೇ ಅವರ ಮಗಳು ಶೈಲಾ, ಗಜೇಂದ್ರಗಡಕ್ಕೆ ಕೊಟ್ಟವಳು, ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಗದುಗಿನ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನವಿದ್ದು ಮನೆಗೆ ಬಂತು. ಬೆಚ್ಚಗಿಡಬೇಕು, ಹೊಗೆ ತಾಗಬಾರದು. ಥಂಡಿ ಹತ್ತಿದರೆ ಹಾಲು ಬಿಡುತ್ತದೆ, ಹಾಲು ಬಿಟ್ಟರೆ ತಡಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೂಸು ಎಷ್ಟು ಸಣ್ಣದಿತ್ತೆಂದರೆ, ಅತ್ತರೆ ಅಳು ಅದಕ್ಕಿಂತ ದೊಡ್ಡದಾಗಿ ಕೇಳುತ್ತಿತ್ತು. ಪಡಸಾಲೆಯ ಒಳಬದಿಯ ನಡುಮನೆಯಲ್ಲಿ ತೊಟ್ಟಿಲು ಕಟ್ಟಿ, ಅದರ ಮೇಲೆ ದೊಡ್ಡ ಬಲ್ಬೊಂದನ್ನು ಇಳಿಬಿಟ್ಟಿದ್ದರು. ಹಗಲೂ ರಾತ್ರಿ ಅದೇ ಕೂಸಿನ ಸೂರ್ಯ. ಅದು ಒಡೆದು ಕಿಡಿ ಹಾರೀತೆಂದು ಸಾವಕಾರ್ರು ಬಲ್ಬಿಗೆ ತಂತಿಯ ಬಲೆ ಹಾಕಿಸಿದ್ದರು. ಕೂಸನ್ನು ಮಾತ್ರ ಅವರು ಎತ್ತಿಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಇಣುಕಿ, ಗಂಟಲು ಸರಿಮಾಡಿಕೊಂಡು ಹೋಗಿಬಿಡುತ್ತಿದ್ದರು. ಶೈಲಾಳನ್ನೂ ಅವರು ಸಣ್ಣವಳಿದ್ದಾಗ ಎತ್ತಿದ್ದು ತಾನು ಕಂಡಿಲ್ಲ ಎಂದು ಅವ್ವಾರು ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಓಣಿಯ ತುದಿಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು, ಢಬ್ಬೆಂದು ಸದ್ದು ಮಾಡಿ ಸುಟ್ಟುಹೋಯಿತು. ಮನೆಯ ಇನ್ವರ್ಟರ್ ಸಂಜೆಯ ತನಕ ಬಲ್ಬನ್ನು ಎಳೆದು ತಾನೂ ಮಲಗಿತು. "ಹೊಸಾ ಟಿಸಿ ನಾಳೆ ಬರತೈತ್ರಿ" ಎಂದರು ಲೈನಿನವರು. ಮರುದಿನವೂ ಅದನ್ನೇ ಹೇಳಿದರು. ಹೊಲಗಳಲ್ಲಿ ಪಂಪುಗಳ ಸದ್ದೂ ನಿಂತು ಊರು ಮೆತ್ತಗಾಗಿತ್ತು. ಮಲಪ್ರಭೆಯ ಕಡೆಯಿಂದ ಬರುವ ಬೆಳಗಿನ ಮಂಜು ಬೀದಿಗಿಳಿದು ಹಿತ್ತಲಿನ ತನಕ ಬಂದು ಕೂರುತ್ತಿತ್ತು. ಅಳಿಯ ದಿನಾ ಗಜೇಂದ್ರಗಡದಿಂದ ಬಂದು, ಕೂಸನ್ನು ಅಲ್ಲಿಗೇ ಒಯ್ಯುತ್ತೇನೆಂದು ಹೇಳಿ ಹೋಗುತ್ತಿದ್ದ. ಆ ಗುಡ್ಡದ ಗಾಳಿಯಲ್ಲಿ ಇಷ್ಟು ದೂರ ಒಯ್ಯಬೇಡಿ ಎಂದು ಡಾಕ್ಟರು ಫೋನಿನಲ್ಲೇ ತಡೆದರು.

ಆ ದಿನಗಳ ಉಪಾಯಗಳು ಈಗ ನೆನೆದರೆ ಅರ್ಧ ಆಟ, ಅರ್ಧ ಪೂಜೆ ಎನ್ನಿಸುತ್ತವೆ. ಹಿತ್ತಲಿನ ಒಲೆಯಲ್ಲಿ ಅವ್ವಾರು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಟಾನಿಕ್ಕಿನ ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ, ನನ್ನ ಕಾಲುಚೀಲಗಳನ್ನು ತೊಡಿಸಿ, ತೊಟ್ಟಿಲ ಎರಡೂ ಬದಿಗೆ ಮಲಗಿಸುತ್ತಿದ್ದರು. ಖಾರ ಅರೆಯುವ ಕಲ್ಲನ್ನು ಒಲೆಯ ಪಕ್ಕ ಕಾಯಿಸಿ ಗೋಣಿಯಲ್ಲಿ ಸುತ್ತಿ ತೊಟ್ಟಿಲ ಕೆಳಗೆ ಇಡುತ್ತಿದ್ದರು. ಹೀಗೆ ಒಳಗೆ ಬರುವ ಪ್ರತಿಯೊಂದು ಬಿಸಿ ವಸ್ತುವನ್ನೂ ಸಾವಕಾರ್ರು ನಾಕಾಬಂದಿಯ ಪೊಲೀಸರಂತೆ ಹಿತ್ತಲ ಬಾಗಿಲಲ್ಲಿ ತಡೆದು, ಗೋಣಿ ಬಿಚ್ಚಿ, ಒದ್ದೆ ಕೈಯಿಂದ ಮುಟ್ಟಿ ನೋಡುತ್ತಿದ್ದರು.

"ಕಲ್ಲಿಗೆ ಕಿಡಿ ಇರತೈತೇನ್ರಿ?" ಎಂದು ಅವ್ವಾರು.

"ಕಲ್ಲಿಗಿಲ್ಲ. ಗೋಣಿಗೆ ಬೂದಿ ಹತ್ತಿರತೈತಿ. ಝಾಡಿಸು."

"ನಿಮ್ಮನ್ನೂ ಒಮ್ಮೆ ಝಾಡಿಸಬೇಕಾಗೇತಿ."

ನಾನು ನನ್ನ ಪಾಲಿಗೆ ಅದೇ ಥರ್ಮಾಮೀಟರನ್ನು ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದೆ. ಆಗಾಗ ಬಂದು ಓದಿ ಹೋಗುವುದು ನನ್ನ ಕೆಲಸ. ಪಾದರಸ ಇಳಿಯುತ್ತಲೇ ಇತ್ತು. ನನಗೆ ಗೊತ್ತಿದ್ದ ಭೌತಶಾಸ್ತ್ರವೆಲ್ಲ ಅದು ಯಾಕೆ ಇಳಿಯುತ್ತಿದೆ ಎಂಬುದನ್ನು ವಿವರಿಸಲಿಕ್ಕೆ ಮಾತ್ರ ಸಾಕಾಗುತ್ತಿತ್ತು.

ಮೂರನೆಯ ದಿನ ಶೈಲಾಳಿಗೇ ಚಳಿಜ್ವರ ಬಂತು. ಅಲ್ಲಿಯವರೆಗೆ ತಾಯಿ, ಅಜ್ಜಿ ಇಬ್ಬರೂ ಸರದಿಯ ಮೇಲೆ ಕೂಸನ್ನು ಎದೆಗೆ ಹಚ್ಚಿಕೊಂಡಿದ್ದರು. ಈಗ ಶೈಲಾ ಕೌದಿಯೊಳಗೆ ನಡುಗುತ್ತ ಮಲಗಿದಳು. ಹಿತ್ತಲಿಗೂ ನಡುಮನೆಗೂ ಓಡಾಡಿ ಅವ್ವಾರ ಕೈಕಾಲು ಕಲ್ಲಿನಂತೆ ತಣ್ಣಗಾಗಿದ್ದವು. ದೀಪ ಹಚ್ಚುವ ಹೊತ್ತು, ಆದರೆ ಆ ಮನೆಯಲ್ಲಿ ದೀಪವಿಲ್ಲ. ಟಾರ್ಚಿನ ಬೆಳಕಿನಲ್ಲಿ ಶೈಲಾ ಚಮಚೆಯಿಂದ ಹಾಲು ಹಾಕಿದರೆ ಅದು ತುಟಿಯ ಬದಿಯಿಂದ ಇಳಿದುಹೋಯಿತು. ಇನ್ನೊಮ್ಮೆ ಹಾಕಿದಳು. ಇಳಿದುಹೋಯಿತು. ಕೂಸು ಅಳಲೂ ಇಲ್ಲ.

ನಾನು ಡಾಕ್ಟರಿಗೆ ಫೋನು ಹಚ್ಚಿದೆ. "ತಾಯಿ ಬ್ಯಾಡ, ಆಕಿಗೆ ಜ್ವರ ಐತಿ. ಬ್ಯಾರೆ ಯಾರರ ಬರೀ ಮೈಗೆ ಹಚ್ಚಿಕೊಂಡು ಕುಂದರ್ರಿ. ಅರ್ಧ ತಾಸಿನ್ಯಾಗ ಹಾಲ ಹಿಡೀಲಿಲ್ಲ ಅಂದ್ರ ಹಂಗ ಹಚ್ಚಿಕೊಂಡ ಇಲ್ಲಿಗೆ ಬರ್ರಿ" ಎಂದರು. ಬಾಗಿಲಿಗೆ ಗಾಡಿ ತರಲು ಆಳನ್ನು ಓಡಿಸಿದೆ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಕೆಂಪಗೆ ಏನೋ ಹೊಳೆಯುತ್ತಿತ್ತು. ಅವ್ವಾರು ಅಗ್ಗಿಷ್ಟಿಕೆಯ ತುಂಬ ಕೆಂಡ ತುಂಬಿಕೊಂಡು ಬಂದು ನಿಂತಿದ್ದರು. ಎದುರಿಗೆ, ಹೊಸ್ತಿಲಿಗೆ ಅಡ್ಡವಾಗಿ, ಸಾವಕಾರ್ರು.

"ಅಲ್ಲೇ ಇಳಸು."

"ಮೊದಲ ಕೂಸಿನ ಮೈ ಮುಟ್ಟಿ ನೋಡಿ ಬರ್ರಿ. ಆಮ್ಯಾಲ ಹೇಳ್ರಿ."

"ಇಳಸು ಅಂದೆ."

"ನಾ ಶೈಲಾನ್ನ ಹಡದಾಗ ಇದ ಅಗ್ಗಿಷ್ಟಿಗಿ ಹೊರಸಿನ ಕೆಳಗ ಇತ್ತು."

"ಆವಾಗ ಹತ್ತಿ ಹೋಗಿ ಆಗಿತ್ತು."

"ಹಂಗಾರ ಬಾಯಿ ಬಿಟ್ಟು ಹೇಳಿಬಿಡ್ರಿ ಇವತ್ತ. ನಿಮಗ ಹತ್ತಿ ಬೇಕೋ, ಕೂಸ ಬೇಕೋ?"

ಆಕೆ ಕೂಗಲಿಲ್ಲ. ಮೆಲ್ಲಗೆ, ಒಂದೊಂದೇ ಮಾತಾಗಿ ಕೇಳಿದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಗಾಳಿಯ ವಿಷಯ ನನ್ನ ಗಂಟಲವರೆಗೆ ಬಂದಿತ್ತು. ಹೇಳಿದೆನೋ, ಬರೀ ಬಾಯಿ ತೆರೆದು ನಿಂತಿದ್ದೆನೋ ಗೊತ್ತಿಲ್ಲ. ಸಾವಕಾರ್ರು ಕೆಂಡವನ್ನೇ ನೋಡುತ್ತಿದ್ದರು. ಅವರ ಮುಖದ ಕೆಳಭಾಗ ಕೆಂಪಗೆ, ಮೇಲ್ಭಾಗ ಕಪ್ಪಗೆ ಕಾಣುತ್ತಿತ್ತು. ಗದ್ದ ನಡುಗುತ್ತಿತ್ತು ಎಂದು ನನ್ನ ನೆನಪು. ಕೆಂಡದ ಬೆಳಕು ಅಲುಗಿದ್ದರೂ ಹಾಗೆ ಕಂಡಿರಬಹುದು.

"ಡಾಕ್ಟರು ಏನಂದ್ರು ಸರ?" ಎಂದು ನನ್ನನ್ನು ಕೇಳಿದರು.

"ಬರೀ ಮೈಗೆ ಮೈ ಹಚ್ಚಬೇಕಂತ್ರಿ. ಯಾರದರ ಆದೀತು."

ಅವರು ಟೋಪಿ ತೆಗೆದರು. ಕೋಟು ತೆಗೆದು ಗೂಟಕ್ಕೆ ಹಾಕಿದರು. ಅಂಗಿ ಬಿಚ್ಚಿದಾಗ ಒಳಗಿನ ಪೇಪರಿನ ಹಾಳೆಗಳು ಸರ್ರನೆ ಜಾರಿ ನೆಲಕ್ಕೆ ಬಿದ್ದವು. ಆ ಮನುಷ್ಯನನ್ನು ಕೋಟಿಲ್ಲದೆ ನಾನು ಅದೇ ಮೊದಲು ಕಂಡದ್ದು. ಬಿಳಿಯ, ತೆಳ್ಳನೆಯ, ಹೆದರಿದ ಮೈ.

"ನಲವತ್ತ ವರ್ಷ ಆತು, ಓಣಿ ಮುಂದೆಲ್ಲ ನನ್ನನ್ನ ಕೆಂಡ ಕೆಂಡ ಅನಕೋತ ಬಂದಿ. ಆ ಕೆಂಡ ಹಿತ್ತಲಕ್ಕ ಒಯ್ಯಿ. ಕೂಸಿನ್ನ ಇಲ್ಲಿ ಕೊಡು" ಎಂದರು.

ಅವ್ವಾರು ಕೆಂಡವನ್ನು ಹೊರಗಿಟ್ಟು ಬಂದು, ಕೂಸನ್ನು ಎತ್ತಿ ಆ ಎದೆಗೆ ಒರಗಿಸಿ, "ಹಗೂರ ಹಿಡೀರಿ. ಬೈಬ್ಯಾಡ್ರಿ ಮತ್ತ ಅದಕ್ಕ" ಎಂದರು.

ಇಲ್ಲಿಂದ ಮುಂದಿನದು ನನ್ನ ನೆನಪಿನ ಅತಿ ಚೆಲುವಾದ ಭಾಗ, ಆದ್ದರಿಂದಲೇ ಅತಿ ಅನುಮಾನದ ಭಾಗ. ಸಾವಕಾರ್ರು ಕೂಸಿನೊಂದಿಗೆ ಪಡಸಾಲೆಗೆ ಹೋಗಿ, ಹತ್ತಿಯ ರಾಶಿಗೆ ಬೆನ್ನು ಕೊಟ್ಟು, ಮೆಲ್ಲಮೆಲ್ಲಗೆ ಅದರೊಳಗೆ ಕುಳಿತರು. ಹತ್ತಿ ಅವರ ಮೇಲೆ ಕುಸಿಯಿತು. ಕಾಲು ಮುಚ್ಚಿತು, ಸೊಂಟ ಮುಚ್ಚಿತು, ಭುಜ ಮುಚ್ಚಿತು. ಕೊನೆಗೆ ಮೋಡದ ಮೇಲೆ ಒಂದು ನರೆತ ತಲೆ, ಅದರ ಕೆಳಗೆ ಮುಷ್ಟಿಯಷ್ಟು ಇನ್ನೊಂದು ತಲೆ. ಆವತ್ತಿನ ಬಿಸಿಲು ಸುತ್ತಿಟ್ಟಿದ್ದ ಕೌದಿಯನ್ನು ಅವ್ವಾರು ಬಿಚ್ಚಿ ಇಬ್ಬರ ಮೇಲೂ ಹೊದಿಸಿದರು. ಕತ್ತಲಲ್ಲಿ ಸಾವಕಾರ್ರು ಕೂಸಿಗೆ ಹೇಳುತ್ತಿದ್ದುದು ಜೋಗುಳವಲ್ಲ. ಅವರಿಗೆ ಜೋಗುಳ ಬರುತ್ತಿರಲಿಲ್ಲ. ಹತ್ತಿಯನ್ನು ಮುಟ್ಟಿ ಮುಟ್ಟಿ ಅದರ ಊರು ಹೇಳುತ್ತಿದ್ದರು.

"ಇದು ಶಿರೋಳದ್ದು ನೋಡವಾ, ಉದ್ದನ್ನ ಎಳಿ. ಇದು ಹೊಳಿಆಲೂರದ್ದು. ಇದು ಹೊಳಿಮಣ್ಣೂರದ್ದು. ಹೊಳಿ ಬಂದು ಎಷ್ಟ ಸರ್ತಿ ತೊಳಕೊಂಡು ಹೋಗತೈತಿ ಅವರ ಹೊಲಾನ, ಮತ್ತ ಬಿತ್ತತಾರ, ಮತ್ತ ಬೆಳ್ಳಗ ನಗತೈತಿ. ನೀನೂ ಹಂಗ ಇರಬೇಕು. ತಿಳೀತಿಲ್ಲೊ?"

ಗಾಡಿ ಬಾಗಿಲಿಗೆ ಬಂದು ನಿಂತಿತು. ಅವ್ವಾರು ಟಾರ್ಚು ಹಿಡಿದು ಬಗ್ಗಿ ಚಮಚೆಯನ್ನು ತುಟಿಗಿಟ್ಟರು. ಹಾಲು ಬದಿಗೆ ಇಳಿಯಲಿಲ್ಲ. ಗಂಟಲಿನಲ್ಲಿ ಸಣ್ಣ ಅಲೆಯೊಂದು ಎದ್ದು ಒಳಗೆ ಹೋಯಿತು. ಇನ್ನೊಂದು ಚಮಚೆ. ಅದೂ ಹೋಯಿತು. "ಗಾಡಿ ನಿಂದರ್ಲಿ, ಇನ್ನೂ ನೋಡೂಣು" ಎಂದರು ಅವ್ವಾರು. ಗಾಡಿ ಬೆಳಗಿನವರೆಗೆ ಅಲ್ಲೇ ನಿಂತಿತ್ತು. ಬೇಕಾಗಲಿಲ್ಲ.

ಈ ಸಲ ಆ ಮನೆಯ ಬಾಗಿಲು ತೆರೆದದ್ದು ಎತ್ತರದ ಹುಡುಗಿ. "ಬರ್ರಿ ಸರ. ನಾನು ಪಲ್ಲವಿ. ಅಜ್ಜಿ, ಅವ್ವ ಒಳಗ ಅದಾರ" ಎಂದಳು. ಬಲ್ಬಿನ ಕೆಳಗೆ ಮಲಗಿದ್ದ ಕೂಸು ಈಗ ಪಿಯುಸಿ ಎರಡನೆಯ ವರ್ಷ. ಪಡಸಾಲೆ ಖಾಲಿ, ಹತ್ತಿ ಈಗ ಊರ ಹೊರಗಿನ ಗೋದಾಮಿಗೆ ಹೋಗುತ್ತದೆ. ಹೊರಗೋಡೆಯ ಗೂಡಿನಲ್ಲಿ ಯಾರದೋ ಬೈಕಿನ ಕೀಲಿ ಇತ್ತು. ದೇವರು ಒಳಗೇ ಇದ್ದ.

ಅವ್ವಾರ ಕೈ ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ನನ್ನ ನೆನಪನ್ನು, ಮೇಲೆ ಬರೆದ ಹಾಗೆಯೇ, ಅವರ ಮುಂದಿಟ್ಟೆ. ಹತ್ತಿಯ ಮೋಡದ ಮಾತು ಬಂದ ಕೂಡಲೆ ಶೈಲಾ ತಲೆಯಾಡಿಸಿದಳು.

"ಇಲ್ರಿ ಸರ. ಕುತ್ತಿಗಿ ತನಕ ಹತ್ತ್ಯಾಗ ಕುಂದರಿಸಿದ್ರ ಎಳಿ ಕೂಸಿನ ಮೂಗಿನ್ಯಾಗ ಹೋಗಾಂಗಿಲ್ಲೇನು? ರಾಶಿ ಮ್ಯಾಲ ಎರಡ ಜಮಖಾನಿ ಹಾಸಿದ್ವಿ. ಅಪ್ಪ ಅದಕ್ಕ ಆನಿಕೊಂಡು ಕುಂತಿದ್ದ, ಅಷ್ಟ."

"ಟೋಪಿ ಸುದ್ದಾ ತಗದಿರಲಿಲ್ಲ ಅವರು" ಎಂದರು ಅವ್ವಾರು. "ಮತ್ತ ಅದೇನ ಕುಂತಿದ್ದು, ಕುಂತಿದ್ದು ಅಂತೀರಿ? ಒಂದ ಸಂಜಿ ಕುಂತ್ರು, ಮರುದಿನ ನಸಕಿನ್ಯಾಗ ಒಂದೀಟು. ಉಳಿದದ್ದೆಲ್ಲ ನಾನ. ನನ್ನ ಬಗ್ಗೆ ಯಾರೂ ಏನೂ ಬರಿಯೂದಿಲ್ಲ ಬಿಡ್ರಿ."

"ಊರಿನ ಹೆಸರ ಹೇಳ್ತಿದ್ರಲ್ರಿ ಕೂಸಿಗೆ?"

"ನನಗ ಜ್ವರ ಇತ್ರಿ, ನಾ ಕೇಳಿಲ್ಲ" ಎಂದಳು ಶೈಲಾ. ಅವ್ವಾರು, "ಹೇಳಿದ್ರೂ ಹೇಳಿರಬೇಕು. ನಿದ್ದ್ಯಾಗೂ ಅದನ್ನ ಹೇಳ್ತಿದ್ರು" ಎಂದರು.

ಪಲ್ಲವಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. "ನನಗ ಅಜ್ಜ ಹೇಳಿದ್ದ ಬ್ಯಾರೇರಿ ಸರ. ನಿನ್ನ ಉಳಿಸಿದ್ದು ಮಾಳಿಗಿ ಮ್ಯಾಲಿನ ಸರ್ರು. ಅವರು ಕಾಜಿನ ಕಡ್ಡಿ ತಂದು ತೊಟ್ಟಿಲಕ ಕಟ್ಟಿದ ಮ್ಯಾಲ ಥಂಡಿ ಅಂಜಿ ಓಡಿಹೋತು ಅಂತಿದ್ದ."

"ಥರ್ಮಾಮೀಟರು ಏನನ್ನೂ ಬೆಚ್ಚಗೆ ಮಾಡೂದಿಲ್ಲವಾ" ಎಂದೆ.

"ಗೊತ್ತೈತ್ರಿ ಸರ. ನಾನೂ ಸೈನ್ಸ್ ಓದಾಕಿ" ಎಂದು ಅವಳು ನಕ್ಕಳು. "ಅಜ್ಜಗ ಹೇಳಿದ್ರ, ಇದನ್ನ ಆ ಸರ್ರಿಗೆ ಹೇಳಾಕ ಹೋಗಬ್ಯಾಡ ಅಂತಿದ್ದ."

ಹೀಗೆ ನನ್ನ ಮೋಡ ಹೋಯಿತು, ತೆಗೆದ ಟೋಪಿ ಮತ್ತೆ ತಲೆಗೇರಿತು, ಊರುಗಳ ಜೋಗುಳಕ್ಕೆ ಸಾಕ್ಷಿ ಇಲ್ಲದಾಯಿತು. ಆ ಮನೆಯಲ್ಲಿ ಕೂತಿದ್ದಾಗಲೇ ನನಗೆ ಒಂದು ಕ್ಷಣ, ಆ ಸಂಜೆ ನಾನು ಅಲ್ಲಿ ಇದ್ದೆನೇ ಎಂಬ ಸಂಶಯ ಕೂಡ ಬಂತು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಕಾಲೇಜಿನಲ್ಲಿ ಕಲಿಸುವ ಹಾಗೆಯೇ ಕೇಳಬೇಕೆಂದು ನಿರ್ಧರಿಸಿದೆ: ಇಬ್ಬರನ್ನೂ ಬೇರೆ ಬೇರೆಯಾಗಿ, ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳದಂತೆ. ಅವ್ವಾರು ಚಹಾಕ್ಕೆಂದು ಒಳಗೆದ್ದಾಗ ಶೈಲಾಳನ್ನು ಕೇಳಿದೆ. ಅವಳು ಹೇಳಿದಳು, ಹೇಳಿ ಕಣ್ಣೊರೆಸಿಕೊಳ್ಳುತ್ತ ಹೊರಗೆದ್ದು ಹೋದಳು. ಅವ್ವಾರು ಚಹಾ ಹಿಡಿದು ಬಂದಾಗ ಅದನ್ನೇ ಕೇಳಿದೆ. "ಕರೆಂಟ್ ಬಂದಾಗ ಸಾವಕಾರ್ರು ಏನಂದ್ರು, ನೆನಪೈತೇನ್ರಿ?"

ಅವ್ವಾರು ಕಪ್ಪನ್ನು ಕೆಳಗಿಟ್ಟು, ಗಂಡನ ದನಿಯಲ್ಲೇ, ಶೈಲಾ ಹೇಳಿದ ಮಾತುಗಳನ್ನೇ ಹೇಳಿದರು. ಒಂದು ಅಕ್ಷರವೂ ಬೇರೆಯಿರಲಿಲ್ಲ. ನನ್ನ ನೆನಪಿನಲ್ಲಿ ಇದ್ದದ್ದೂ ಅದೇ.

ಆ ಸಂಜೆಯ ಮರುದಿನ ಬೆಳ್ಳಂಬೆಳಿಗ್ಗೆ, ಇನ್ನೂ ಸೂರ್ಯ ಮೂಡಿರಲಿಲ್ಲ. ಸಾವಕಾರ್ರು ಕೂಸನ್ನು ಎದೆಗೆ ಹಚ್ಚಿಕೊಂಡು ನಡುಮನೆಯ ಗೋಡೆಗೆ ಒರಗಿ ಕೂತಿದ್ದರು. ನಾನು ಥರ್ಮಾಮೀಟರ್ ನೋಡಲು ಇಳಿದು ಬಂದಿದ್ದೆ. ಒಮ್ಮೆಲೆ ಖಾಲಿ ತೊಟ್ಟಿಲ ಮೇಲಿನ ಆ ದೊಡ್ಡ ಬಲ್ಬು ಹತ್ತಿಕೊಂಡಿತು. ಅಷ್ಟು ದಿನ ನಾವೆಲ್ಲ ಬೇಡಿಕೊಂಡಿದ್ದ ಬೆಳಕು. ಓಣಿಯಲ್ಲಿ ಹುಡುಗರು ಕೂಗಿದರು, ಎಲ್ಲಿಯೋ ರೇಡಿಯೋ ಹಾಡತೊಡಗಿತು, ಅವ್ವಾರು ಹಿತ್ತಲಿನಿಂದ ಓಡಿ ಬಂದರು. ಸಾವಕಾರ್ರು ಮಾತ್ರ ಅಂಗೈಯನ್ನು ಕೂಸಿನ ಕಣ್ಣಿಗೆ ಅಡ್ಡ ಹಿಡಿದು, ಹತ್ತಿಯ ಬಗ್ಗೆ ಹೇಳುವಾಗಿನ ಅದೇ ತಗ್ಗಿದ ದನಿಯಲ್ಲಿ ಅಂದರು:

"ಮೊದಲ ಆ ಲೈಟ್ ಆರಸ್ರಿ. ಮಲಗ್ಯಾಳ."

ಯಾರೋ ಆರಿಸಿದರು. ಯಾರೆಂಬುದು ಅವ್ವಾರಿಗೂ ನೆನಪಿಲ್ಲ, ಶೈಲಾಳಿಗೂ ಇಲ್ಲ. ಸ್ವಿಚ್ಚಿನ ಹತ್ತಿರ ನಿಂತಿದ್ದವನು ನಾನೇ ಇರಬೇಕು. ಬೆರಳ ತುದಿಯಲ್ಲಿ ಆ ಸ್ವಿಚ್ಚಿನ ತಂಪು ಇಂದಿಗೂ ಇದೆ. ಇದೊಂದನ್ನು ನಾನು ಯಾರ ಹತ್ತಿರವೂ ಒರೆಗೆ ಹಚ್ಚಲಿಲ್ಲ.